ಸೆರಗನ್ನೂ ಸೇರಿಸಿ ಹೊಲಿಯದೆ ಕೌದಿ ಮುಗಿಸುವುದು ಹೇಗೆ: ಮೆಷಿನ್ ಮುಂದೆ ಕೂರುವ ಮರೆಗುಳಿಗಳಿಗೆ ಸಮಗ್ರ ಮಾರ್ಗದರ್ಶಿ

ಕಳೆದ ಮಳೆಗಾಲದ ಒಂದು ಮಧ್ಯಾಹ್ನ. ಕೌದಿಯ ಅಂಚಿನ ಹತ್ತಿರದ ಸಾಲು ಆಗಷ್ಟೇ ಮುಗಿಸಿದ್ದೆ. ಬಾಗಿಲ ಬೆಲ್ ಆಯಿತು. 'ಬಂದೆ' ಅಂತ ಕೂಗಿ ಎದ್ದೆ. ಎರಡು ಹೆಜ್ಜೆ ಇಟ್ಟಿದ್ದೆನೋ ಇಲ್ಲವೋ, ಯಾರೋ ಹಿಂದಿನಿಂದ ಸೆರಗು ಹಿಡಿದು ಎಳೆದ ಹಾಗಾಯಿತು. ತಿರುಗಿ ನೋಡಿದರೆ ಯಾರೂ ಇಲ್ಲ. ಕೌದಿ ಮಾತ್ರ ಮೇಜಿನಿಂದ ಜಾರಿ ನನ್ನ ಹಿಂದೆಯೇ ಬರುತ್ತಿತ್ತು. ಸೆರಗಿನ ತುದಿಯನ್ನು ಒಂದು ಗೇಣು ಉದ್ದಕ್ಕೆ ಕೌದಿಯ ಅಡಿಗೆ ಸೇರಿಸಿ ಹೊಲಿದುಬಿಟ್ಟಿದ್ದೆ. ಅಷ್ಟು ನೇರವಾದ ಸಾಲು ನಾನು ಅದಕ್ಕೆ ಮೊದಲೂ ಹಾಕಿರಲಿಲ್ಲ, ಆಮೇಲೂ ಹಾಕಿಲ್ಲ. ಕೌದಿಯನ್ನು ಹೆಗಲಿಗೆ ಹಾಕಿಕೊಂಡೇ ಬಾಗಿಲು ತೆಗೆದೆ. ಕೊರಿಯರ್ ಹುಡುಗ ಸಹಿ ಹಾಕಿಸಿಕೊಳ್ಳುವವರೆಗೂ ನಗು ತಡೆದುಕೊಂಡ. ಮೆಟ್ಟಿಲು ಇಳಿಯುವಾಗ ನಕ್ಕಿದ್ದು ಕೇಳಿಸಿತು.

ಮೆಷಿನ್‌ನಲ್ಲಿ ಕೌದಿ ಹೊಲಿಯೋದು ಹೇಗೆ ಅಂತ ಹೇಳಿಕೊಡುವವರು ಬಹಳ ಜನ ಇದ್ದಾರೆ. ಎಲ್ಲೆಲ್ಲಿ ಎಡವುತ್ತೇವೆ ಅಂತ ಹೇಳುವವರು ಕಡಿಮೆ. ನನ್ನ ಎಡವಟ್ಟುಗಳನ್ನೆಲ್ಲ ಒಂದು ಸಲ ಕೂತು ನೆನಪಿಸಿಕೊಂಡೆ. ಒಂದು ವಿಷಯ ಹೊಳೆಯಿತು. ಹೊಲಿಗೆ ಲಯ ಹಿಡಿದ ಮೇಲೆ ತಪ್ಪು ಆಗುವುದು ತೀರಾ ಅಪರೂಪ. ಹಾಲು ಉಕ್ಕಿತೇ ಅಂತ ನೋಡಲು, ಫೋನ್ ತೆಗೆಯಲು ಎದ್ದು ಹೋಗಿ, ಮತ್ತೆ ಬಂದು ಕೂತ ಮೇಲಿನ ಮೊದಲ ಹತ್ತು ಇಂಚಿನಲ್ಲೇ ಎಲ್ಲ ಅನಾಹುತ. ಕೈ ಮೆಷಿನ್ ಮೇಲೆ, ಮನಸ್ಸು ಇನ್ನೂ ಅಡುಗೆಮನೆಯಲ್ಲಿ. ಈ ಮಾರ್ಗದರ್ಶಿ ಆ ಹತ್ತು ಇಂಚಿಗೋಸ್ಕರ. ಉಳಿದದ್ದನ್ನೂ ಕ್ರಮವಾಗಿ ಹೇಳುತ್ತೇನೆ.

ಮೊದಲು ಬಟ್ಟೆ, ಅದಕ್ಕೂ ಮೊದಲು ಅನುಮತಿ

ಒಬ್ಬರು ಹೊದೆಯುವ ಕೌದಿಗೆ 60 ಇಂಚು ಅಗಲ, 90 ಇಂಚು ಉದ್ದ ಸಾಕು. ಮೇಲಿನ ಬಟ್ಟೆಯನ್ನು ತುಂಡು ಜೋಡಿಸಿ ಮಾಡಬಹುದು, ಇಡೀ ಬಟ್ಟೆಯೂ ಆಗುತ್ತೆ. ಅಡಿ ಬಟ್ಟೆ ಮತ್ತು ಒಳಪದರ ನಾಲ್ಕೂ ಕಡೆ 4 ಇಂಚು ಜಾಸ್ತಿ ಇರಬೇಕು. ಅಂದರೆ 68ಕ್ಕೆ 98 ಇಂಚು. ಹೊಲಿಯುತ್ತಾ ಹೋದ ಹಾಗೆ ಬಟ್ಟೆ ಒಳಕ್ಕೆ ಸರಿಯುತ್ತೆ, ಅದಕ್ಕೇ ಈ ಜಾಸ್ತಿ.

ಐದೂವರೆ ಮೀಟರಿನ ಒಂದು ಹತ್ತಿ ಸೀರೆ ತೆಗೆದುಕೊಳ್ಳಿ. ನಡುವೆ ಅಡ್ಡಕ್ಕೆ ಕತ್ತರಿಸಿದರೆ 108 ಇಂಚಿನ ಎರಡು ತುಂಡು ಸಿಗುತ್ತೆ. ಅಗಲ 45 ಇಂಚಿನ ಆಸುಪಾಸು ಇರುತ್ತೆ. ಎರಡನ್ನೂ ಉದ್ದದ ಅಂಚಿಗೆ ಜೋಡಿಸಿದರೆ 89 ಇಂಚು ಅಗಲದ ಅಡಿ ಬಟ್ಟೆ ಸಿದ್ಧ. ಬೇಕಾದ 68 ಇಂಚು ಕತ್ತರಿಸಿಕೊಂಡ ಮೇಲೆ ಪಕ್ಕದಲ್ಲಿ 21 ಇಂಚಿನ ಉದ್ದನೆ ತುಂಡು ಉಳಿಯುತ್ತೆ. ಅದನ್ನು ಎತ್ತಿಡಿ, ಕೊನೆಗೆ ಅಂಚು ಪಟ್ಟಿಗೆ ಬೇಕು. ನಾನು ಮೊದಲ ಸಲ ಅದರಿಂದ ನೆಲ ಒರೆಸಿ, ಆಮೇಲೆ ಪಟ್ಟಿಗೆ ಬಟ್ಟೆ ಹುಡುಕುತ್ತಾ ಊರೆಲ್ಲ ತಿರುಗಿದ್ದೆ.

ಒಳಪದರಕ್ಕೆ ಎರಡು ಹಳೆ ಪಂಚೆ ಅಥವಾ ಸೀರೆ ಸಾಕು. ಅಜ್ಜಿ ಕೈಯಲ್ಲಿ ಹೊಲಿಯುವಾಗ ಐದಾರು ಪದರ ಹಾಕುತ್ತಿದ್ದಳು. ಮನೆ ಮೆಷಿನ್‌ಗೆ ಅಷ್ಟು ತುರುಕಿದರೆ ಅದು ಏದುಸಿರು ಬಿಡುತ್ತೆ. ಬಟ್ಟೆಯನ್ನು ಎರಡು ಹೆಬ್ಬೆರಳ ನಡುವೆ ಹಿಡಿದು ಎಳೆದು ನೋಡಿ. ಪಿಸಿದರೆ ಒಳಪದರಕ್ಕೂ ಬೇಡ. ಕೆಂಪು, ಕಡುನೀಲಿ ಬಟ್ಟೆಗಳನ್ನು ಮೊದಲೇ ಬೇರೆಯಾಗಿ ಒಗೆದು ನೋಡಿ. ನೀರು ಕೆಂಪಾದರೆ ಬಿಳಿ ಪಂಚೆಯ ಪಕ್ಕ ಅದನ್ನು ಕೂರಿಸಬೇಡಿ.

ಇನ್ನು ಅನುಮತಿ. ಬೀರುವಿನ ಕೆಳಗಿನ ಗಂಟಿನಲ್ಲಿ ಇದ್ದದ್ದೆಲ್ಲ ಹಳೆಯದು ಅಂದುಕೊಂಡು ಒಂದು ಸಲ ಕತ್ತರಿ ಹಾಕಿದೆ. ಒಂದು ಮೊಳ ಕತ್ತರಿಸಿದ ಮೇಲೆ ಮಡಿಕೆ ಬಿಚ್ಚಿಕೊಂಡು ಕೆಂಪು ರೇಷ್ಮೆ ಸೆರಗು ಹೊರಬಂತು. ಅತ್ತೆಯ ಇಳಕಲ್ ಸೀರೆ. ಅತ್ತೆ ಬೈಯಲಿಲ್ಲ. 'ಹೋಗಲಿ ಬಿಡು, ಹೊದ್ದುಕೊಳ್ಳೋಕಾದರೂ ಆಯ್ತಲ್ಲ' ಅಂದರು. ಬೈದಿದ್ದರೇ ವಾಸಿ ಇತ್ತು. ಈಗ ಕತ್ತರಿಸುವ ಬಟ್ಟೆಗೆ ಬೇರೆ ಚೀಲ ಇದೆ. ಸೀರೆ ಯಾರದ್ದೋ ಅವರೇ ಅದರೊಳಗೆ ಹಾಕಬೇಕು.

ಹಾಸುವುದು, ಟಾಕು ಹಾಕುವುದು

ನೆಲ ಗುಡಿಸಿ, ಒರೆಸಿ, ಒಣಗಿಸಿ. ಅಡಿ ಬಟ್ಟೆಯ ಮುಖ ನೆಲಕ್ಕೆ ಇರಲಿ. ನಾಲ್ಕೂ ಕಡೆ ಸ್ವಲ್ಪ ಬಿಗಿಯಾಗಿ ಎಳೆದು ಟೇಪ್ ಅಂಟಿಸಿ. ಅದರ ಮೇಲೆ ಒಳಪದರಗಳು. ಕೊನೆಗೆ ಮೇಲಿನ ಬಟ್ಟೆ, ಮುಖ ಸೂರಿಗೆ. 'ಅಡಿಯದು ನೆಲ ನೋಡಲಿ, ಮೇಲಿನದು ಸೂರು ನೋಡಲಿ' ಅಂತ ಬಾಯಲ್ಲಿ ಹೇಳಿಕೊಂಡೇ ಹಾಸಿ. ಹಾಗೆ ಹೇಳಿಕೊಳ್ಳದ ಒಂದು ದಿನ ಹೂವಿನ ಚಿತ್ತಾರದ ಅಡಿ ಬಟ್ಟೆಯ ಹೂವೆಲ್ಲ ಒಳಗೆ ಹೋದವು. ಆ ಕೌದಿ ಒಳಗಡೆ ತುಂಬ ಚೆಂದ ಇದೆ.

ಈಗ ಎಲ್ಲ ಪದರ ಸೇರಿಸಿ ಕೈಯಲ್ಲಿ ಉದ್ದುದ್ದ ಟಾಕು ಹಾಕಿ, ಅಂದರೆ ಆಮೇಲೆ ಬಿಚ್ಚಿಬಿಡುವ ತಾತ್ಕಾಲಿಕ ಹೊಲಿಗೆ. ಸಾಲು ಸಾಲಿನ ನಡುವೆ ಅಂಗೈ ಅಗಲ ಜಾಗ. ಬಟ್ಟೆಯ ಬಣ್ಣಕ್ಕೆ ಹೊಂದದ ದಾರ ಬಳಸಿ, ಕೊನೆಗೆ ಬಿಚ್ಚುವಾಗ ಕಣ್ಣಿಗೆ ಕಾಣಬೇಕಲ್ಲ. ನಡುವಿನಿಂದ ಶುರು ಮಾಡಿ ಅಂಚಿನ ಕಡೆಗೆ ಹೋಗಿ. ಟಾಕು ಬೇಜಾರು ಅನ್ನುವವರು ಸೇಫ್ಟಿ ಪಿನ್ ಹಾಕಬಹುದು. ಆದರೆ ಹೊಲಿಯುವ ಗೆರೆಯ ಮೇಲೆ ಮಾತ್ರ ಬೇಡ. ಓಡುವ ಸೂಜಿ ಪಿನ್‌ಗೆ ಬಡಿದರೆ ಮುರಿದ ಚೂರು ಎತ್ತ ಹಾರುತ್ತೆ ಅಂತ ಹೇಳೋಕಾಗಲ್ಲ. ಕನ್ನಡಕ ಇದ್ದವರು ಹಾಕಿಕೊಂಡೇ ಹೊಲಿಯಿರಿ.

ಜಮಖಾನದ ಮೇಲೆ ಹಾಸಿ ಟಾಕು ಹಾಕಬೇಡಿ. ಮಂಡಿಗೆ ಮೆತ್ತಗಿರುತ್ತೆ ಅಂತ ನಮ್ಮ ಪಕ್ಕದ ಮನೆಯವರು ಹಾಗೆ ಮಾಡಿದರು. ಮೂರು ಗಂಟೆ ಕೂತು ಹಾಕಿ ಮುಗಿಸಿ, ಎತ್ತಿದರೆ ಜಮಖಾನವೂ ಜೊತೆಗೇ ಎದ್ದು ಬಂತು.

ಹಾಸುವ ಮೊದಲೂ ಟಾಕು ಮುಗಿದ ಮೇಲೂ ಕತ್ತರಿ, ಟೇಪು, ಸೋಪಿನ ಚೂರು, ಪಿನ್ನಿನ ಡಬ್ಬಿ ಎಣಿಸಿ. ಕಡಿಮೆಯಾಗಿದ್ದರೆ ಅದು ಪದರದ ಒಳಗಿದೆ. ಈಗಲೇ ತೆಗೆಯಿರಿ.

ಮೆಷಿನ್ ಸಿದ್ಧ ಮಾಡುವುದು

ಹೊಸ ಸೂಜಿ ಹಾಕಿ. ಹಳೇ ಸೂಜಿಯಿಂದಲೇ ನಡೆಸೋಣ ಅನ್ನುವ ಜಿಪುಣತನ ಇಲ್ಲಿ ಬೇಡ. ನಾಲ್ಕು ಪದರ ಹತ್ತಿಗೆ 16ನೇ ನಂಬರಿನ ಸೂಜಿ, ಜೀನ್ಸ್ ಬಟ್ಟೆ ಸೇರಿದ್ದರೆ 18. ಸೂಜಿಯ ಒಂದು ಬದಿ ಚಪ್ಪಟೆ, ಇನ್ನೊಂದು ಬದಿಯಲ್ಲಿ ಉದ್ದನೆ ಗೀರು ಇರುತ್ತೆ. ಗೀರು ಇರುವ ಬದಿಯಿಂದ ದಾರ ಒಳಗೆ ಹೋಗಬೇಕು. ಹಳೇ ಸೂಜಿ ತೆಗೆಯುವ ಮೊದಲು ಅದು ಹೇಗೆ ಕೂತಿದೆ ಅಂತ ನೋಡಿಕೊಳ್ಳಿ, ಅಥವಾ ಫೋನ್‌ನಲ್ಲಿ ಫೋಟೋ ತೆಗೆದಿಡಿ. ಸೂಜಿ ತಿರುಗಿಮುರುಗಿ ಕೂತರೆ ಹೊಲಿಗೆ ಬೀಳುವುದೇ ಇಲ್ಲ. ನಾನು ಒಂದು ಸಂಜೆ ಪೂರ್ತಿ ಮೆಷಿನ್‌ಗೆ ಎಣ್ಣೆ ಬಿಡುತ್ತಾ, ಬೈಯುತ್ತಾ ಕಳೆದದ್ದು ಇದೇ ಕಾರಣಕ್ಕೆ.

ಹೊಲಿಗೆ ಉದ್ದ 3ರಿಂದ 3.5 ಮಿಲಿಮೀಟರ್ ಇಡಿ. ಇಂಚಿನ ಲೆಕ್ಕದಲ್ಲಿ ಏಳೆಂಟು ಹೊಲಿಗೆ. ಅದೇ ಪದರಗಳ ಒಂದು ಸಣ್ಣ ತುಂಡು ಮಾಡಿಟ್ಟುಕೊಂಡು ಮೊದಲು ಅದರ ಮೇಲೆ ಹೊಲಿದು ನೋಡಿ. ಸೂಜಿಯ ಪಕ್ಕ ಬಟ್ಟೆಯನ್ನು ಒತ್ತಿ ಹಿಡಿಯುವ ಪಾದದ ಒತ್ತಡವನ್ನು ಮೇಲಿನ ತಿರುಪಿನಿಂದ ಸ್ವಲ್ಪ ಸಡಿಲಿಸಿ. ಕೆಳಗಿನ ಹಲ್ಲುಗಳು ಅಡಿ ಬಟ್ಟೆಯನ್ನು ಮಾತ್ರ ಎಳೆಯುತ್ತವೆ, ಮೇಲಿನ ಬಟ್ಟೆಯನ್ನು ಪಾದ ಮುಂದಕ್ಕೆ ತಳ್ಳುತ್ತಾ ಹೋಗುತ್ತೆ. ಸಾಲಿನ ಕೊನೆಯಲ್ಲಿ ಸುಕ್ಕು ಬರುವುದು ಅದಕ್ಕೇ. ವಾಕಿಂಗ್ ಫೂಟ್ ಅಂತ ಒಂದು ಪಾದ ಸಿಗುತ್ತೆ, ಅದು ಮೇಲಿನ ಬಟ್ಟೆಯನ್ನೂ ಅಷ್ಟೇ ವೇಗದಲ್ಲಿ ನಡೆಸುತ್ತೆ. ವರ್ಷಕ್ಕೆ ಒಂದು ಕೌದಿ ಹೊಲಿಯುವವರೂ ತೆಗೆದುಕೊಳ್ಳಬಹುದು ಅಂತ ನನ್ನ ಅಭಿಪ್ರಾಯ.

ಗೆರೆ ಎಳೆಯಲು ಸವೆದ ಸೋಪಿನ ಚೂರು ಸಾಕು. ಬಾಲ್‌ಪೆನ್ ಮುಟ್ಟಬೇಡಿ. ಎರಡೆರಡು ಇಂಚಿಗೆ ಒಂದು ಗೆರೆ ಎಳೆದರೆ ಸುಮಾರು 30 ಸಾಲು. ಒಂದೊಂದು ಸಾಲು 90 ಇಂಚು. ಒಟ್ಟು 225 ಅಡಿ ಹೊಲಿಗೆ. ಈ ಲೆಕ್ಕ ಹೆದರಿಸೋಕಲ್ಲ, ಒಂದು ಬಾಬಿನ್, ಅಂದರೆ ಕೆಳಗಿನ ದಾರ ಸುತ್ತುವ ಪುಟ್ಟ ಉರುಳೆ, ಸಾಲುವುದಿಲ್ಲ ಅಂತ ಮೊದಲೇ ತಿಳಿಯಲಿ ಅಂತ. ಐದಾರು ಬಾಬಿನ್ ಸುತ್ತಿ ಪಕ್ಕದಲ್ಲಿಡಿ.

ಮೊದಲ ಹತ್ತು ಇಂಚು

ಇದೊಂದು ಭಾಗವನ್ನು ಚೀಟಿಯಲ್ಲಿ ಬರೆದು ಮೆಷಿನ್‌ಗೆ ಅಂಟಿಸಿಕೊಳ್ಳಿ. ಪ್ರತಿ ಸಲ ಕೂತಾಗಲೂ, ಎರಡೇ ನಿಮಿಷ ಎದ್ದು ಹೋಗಿದ್ದರೂ, ಇದೇ ಕ್ರಮ.

ಸೆರಗು ಸೊಂಟಕ್ಕೆ ಸಿಕ್ಕಿಸಿ. ವೇಲ್ ಆದರೆ ತೆಗೆದು ಕುರ್ಚಿಯ ಬೆನ್ನಿಗೆ ಹಾಕಿ. ಹೆಗಲ ಮೇಲಿನ ಟವೆಲ್‌ಗೂ ಇದೇ ನಿಯಮ, ಗಂಡಸರೂ ಹೊಲಿಯುತ್ತಾರಲ್ಲ.

ಎಡಗೈಯನ್ನು ಕೌದಿಯ ಅಡಿಗೆ ತೂರಿಸಿ, ಸೂಜಿಯ ಸುತ್ತ ಒಂದು ಗೇಣು ಸವರಿ ನೋಡಿ. ಅಡಿ ಬಟ್ಟೆ ಮಡಚಿಕೊಂಡಿದೆಯೇ? ಕೌದಿಯ ಇನ್ನೊಂದು ಮೂಲೆ ಕೆಳಗೆ ಬಂದು ಕೂತಿದೆಯೇ? ಮೇಜಿನ ಬಟ್ಟೆ ಸಿಕ್ಕಿದೆಯೇ? ಕಣ್ಣಿಗೆ ಕಾಣದ್ದು ಕೈಗೆ ಸಿಗುತ್ತೆ. ಈ ಒಂದು ಅಭ್ಯಾಸದಿಂದ ನನ್ನ ಅರ್ಧ ಬಿಚ್ಚುವ ಕೆಲಸ ತಪ್ಪಿತು.

ಮೇಲಿನ ದಾರ, ಕೆಳಗಿನ ದಾರ ಎರಡನ್ನೂ ನಾಲ್ಕು ಇಂಚು ಹೊರಗೆ ಎಳೆದು, ಪಾದದ ಹಿಂದೆ ಎಡಗೈಯಲ್ಲಿ ಹಿಡಿಯಿರಿ. ಮೂರು ಹೊಲಿಗೆ ಬೀಳುವವರೆಗೂ ಬಿಡಬೇಡಿ. ಬಿಟ್ಟರೆ ಬಾಲ ಒಳಗೆ ಸೆಳೆದುಕೊಂಡು ಗಂಟಾಗುತ್ತೆ.

ಪಾದ ಇಳಿಸಿ. ಸುಮ್ನೆ ಓದಿ ಮುಂದೆ ಹೋಗಬೇಡಿ, ಇಳಿಸಿದಿರಾ? ನಾಲ್ಕು ಪದರದ ದಪ್ಪ ಇರುವಾಗ ಪಾದ ಮೇಲಿದ್ದರೂ ಬಟ್ಟೆಗೆ ತಗುಲಿದ ಹಾಗೇ ಕಾಣುತ್ತೆ. ಮೆಷಿನ್ ಓಡುತ್ತೆ, ಮೇಲಿಂದ ಹೊಲಿಗೆಯೂ ಬಿದ್ದ ಹಾಗಿರುತ್ತೆ. ತಿರುಗಿಸಿ ನೋಡಿದರೆ ಅಡಿಯಲ್ಲಿ ಗುಬ್ಬಚ್ಚಿ ಗೂಡು. ಪಾದ ಮೇಲಿದ್ದಾಗ ದಾರವನ್ನು ಬಿಗಿ ಹಿಡಿಯುವ ಎರಡು ತಟ್ಟೆಗಳು ಬಾಯಿ ಬಿಟ್ಟುಕೊಂಡಿರುತ್ತವೆ. ಮೇಲಿನ ದಾರಕ್ಕೆ ಹಿಡಿತವೇ ಇರಲ್ಲ, ಸಡಿಲವಾಗಿ ಕೆಳಗೆ ಸುರಿಯುತ್ತೆ. ಗೂಡು ಅಡಿಯಲ್ಲಿ ಕಟ್ಟಿದೆ ಅಂತ ಎಲ್ಲರೂ ಬಾಬಿನ್ ಬಿಚ್ಚುತ್ತಾರೆ, ಬಾಬಿನ್ ಕೇಸಿನ ತಿರುಪು ತಿರುಗಿಸುತ್ತಾರೆ. ಪಾಪ, ಅದರದ್ದು ಏನೂ ತಪ್ಪಿರಲ್ಲ. ಗೂಡು ಕೆಳಗಿದ್ದರೆ ಕಾರಣವನ್ನು ಮೊದಲು ಮೇಲೆ ಹುಡುಕಿ: ಪಾದ ಇಳಿದಿದೆಯೇ, ದಾರ ತಟ್ಟೆಗಳ ನಡುವೆ ಕೂತಿದೆಯೇ, ಮೇಲೆ ಕೆಳಗೆ ಕುಣಿಯುವ ಕೊಕ್ಕೆಯೊಳಗೆ ಹೋಗಿದೆಯೇ. ದಾರ ಪೋಣಿಸುವಾಗ ಮಾತ್ರ ಪಾದ ಎತ್ತಿರಬೇಕು. ಆಗಲೇ ದಾರ ತಟ್ಟೆಯೊಳಗೆ ಸರಿಯಾಗಿ ಇಳಿಯೋದು.

ಕೊನೆಗೆ, ಚಕ್ರವನ್ನು ಕೈಯಿಂದ ನಿಮ್ಮ ಕಡೆಗೆ ತಿರುಗಿಸಿ ಒಂದೆರಡು ಹೊಲಿಗೆ ಹಾಕಿ. ಆಮೇಲೆ ಕಾಲು. ಕಾಲಲ್ಲಿ ತುಳಿಯುವ ಮೆಷಿನ್‌ನವರಿಗೆ ಇದು ಇನ್ನೂ ಮುಖ್ಯ. ಮೊದಲ ತುಳಿತ ತಪ್ಪಿದರೆ ಚಕ್ರ ಉಲ್ಟಾ ತಿರುಗಿ ದಾರ ಕಡಿಯುತ್ತೆ, ಇಲ್ಲವೇ ಕೆಳಗೆ ಬಾಬಿನ್ ಕೂರುವ ಶಟಲ್‌ನಲ್ಲಿ ಸಿಕ್ಕಿಕೊಳ್ಳುತ್ತೆ.

ಇಷ್ಟಕ್ಕೂ ಅರ್ಧ ನಿಮಿಷ ಬೇಡ.

ಬಾಬಿನ್ ಖಾಲಿಯಾದದ್ದು ಯಾರಿಗೆ ಗೊತ್ತು?

ಒಂದು ಸಂಜೆ ಹೊಲಿಗೆ ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಸಾಗುತ್ತಿತ್ತು. ರೇಡಿಯೋದಲ್ಲಿ ಹಳೇ ಹಾಡು. ಒಂದು ಸಾಲು, ಎರಡು, ಮೂರು, ನಾಲ್ಕು. 'ಇವತ್ತು ಮೆಷಿನ್ ಎಷ್ಟು ಹಗುರವಾಗಿ ಓಡ್ತಿದೆ' ಅಂತ ಮಗನಿಗೆ ಕೂಗಿ ಹೇಳಿದೆ. ಹಗುರ ಆಗದೆ ಏನು? ಎರಡನೇ ಸಾಲಿನ ಶುರುವಿನಲ್ಲೇ ಬಾಬಿನ್ ಖಾಲಿ. ಮೂವತ್ತು ಅಡಿಯಲ್ಲಿ ಇಪ್ಪತ್ತೆರಡು ಅಡಿಗೆ ಬರೀ ತೂತು ಹೊಡೆದಿದ್ದೆ. ಮೇಲಿನ ದಾರದ ತುದಿ ಹಿಡಿದು ಎಳೆದರೆ ಒಂದೇ ಎಳೆಯಲ್ಲಿ ಸರಸರ ಕೈಗೆ ಬಂತು. ಸಮಾಧಾನ ಅಂದರೆ, ಬಿಚ್ಚುವ ಕೆಲಸ ಇರಲಿಲ್ಲ.

ಎಲಿಯಾಸ್ ಹೋವ್ 1846ರಲ್ಲಿ ಪೇಟೆಂಟ್ ಪಡೆದ ಮೆಷಿನ್‌ನಲ್ಲೂ ಹೀಗೇ ಎರಡು ದಾರ, ಒಂದು ಸೂಜಿಯದ್ದು, ಒಂದು ಕೆಳಗಿನ ಶಟಲ್‌ನದ್ದು. ಎರಡೂ ಬಟ್ಟೆಯ ನಡುವೆ ಕೊಂಡಿ ಹಾಕಿಕೊಂಡರೆ ಮಾತ್ರ ಹೊಲಿಗೆ. ಇಷ್ಟು ವರ್ಷವಾದರೂ ನಮ್ಮ ಮನೆಗಳಲ್ಲಿರುವ ಸಾಮಾನ್ಯ ಮೆಷಿನ್‌ಗೆ 'ಅಮ್ಮಾ, ಕೆಳಗೆ ದಾರ ಮುಗೀತು' ಅಂತ ಹೇಳೋಕೆ ಬಾಯಿ ಬಂದಿಲ್ಲ.

ಹಾಗಾಗಿ ನಾವೇ ನೋಡಬೇಕು. ಪ್ರತಿ ಸಾಲಿನ ಕೊನೆಯಲ್ಲಿ ಕೌದಿಯ ಅಂಚು ಎತ್ತಿ ಅಡಿ ನೋಡಿ. ಎರಡು ಸಾಲಿಗೊಮ್ಮೆ ಬಾಬಿನ್ ತೆಗೆದು ಎಷ್ಟು ಉಳಿದಿದೆ ಅಂತ ನೋಡಿ. ಅನುಮಾನ ಬಂದರೆ ಬದಲಿಸಿಬಿಡಿ. ಉಳಿದ ತುಂಡು ದಾರ ಗುಂಡಿ ಹಚ್ಚೋಕೆ ಆಗುತ್ತೆ. ಬಾಬಿನ್ ತೆಗೆದಾಗಲೆಲ್ಲ ಅಲ್ಲಿ ಕೂತ ಹತ್ತಿಯ ಧೂಳನ್ನು ಸಣ್ಣ ಬ್ರಷ್‌ನಿಂದ ಗುಡಿಸಿ. ಹಳೇ ಸೀರೆಯಿಂದ ಅದು ಬಹಳ ಉದುರುತ್ತೆ.

ಎಲ್ಲಿಂದ ಶುರು, ಭಾರ ಯಾರ ಮೇಲೆ

ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಸಮುದಾಯದ ಹೆಂಗಸರು ಕೌದಿಯನ್ನು ಅಂಚಿನಿಂದ ಶುರು ಮಾಡಿ, ಸುತ್ತುತ್ತಾ ನಡುವಿಗೆ ಬಂದು ಮುಗಿಸುತ್ತಾರೆ. ಅವರದ್ದು ಕೈ ಹೊಲಿಗೆ, ತುಂಡು ಬಟ್ಟೆಯನ್ನು ಒಂದೊಂದಾಗಿ ಮಡಚಿ ಸೇರಿಸುತ್ತಾ ಹೋಗುತ್ತಾರೆ. ಬಟ್ಟೆ ಉಬ್ಬಿದರೆ ಬೆರಳಿಗೆ ಅಲ್ಲೇ ಗೊತ್ತಾಗುತ್ತೆ. ಅದನ್ನು ನೋಡಿ ನಾನು ಮೆಷಿನ್‌ನಲ್ಲೂ ಅಂಚಿನಿಂದ ಶುರು ಮಾಡಿದೆ. ನಡುವಿಗೆ ಬರುವಷ್ಟರಲ್ಲಿ ಪೂರಿ ಹಾಗೆ ಉಬ್ಬಿದ ಒಂದು ಗುಡ್ಡ! ಮೆಷಿನ್‌ನಲ್ಲಿ ಕ್ರಮ ಉಲ್ಟಾ. ನಡುವಿನ ಗೆರೆ ಮೊದಲು, ಆಮೇಲೆ ಅದರ ಬಲಕ್ಕೆ ಒಂದೊಂದಾಗಿ ಅಂಚಿನವರೆಗೆ. ಆಮೇಲೆ ಕೌದಿ ತಿರುಗಿಸಿ ಉಳಿದರ್ಧ. ಒಂದು ಅರ್ಧದ ಎಲ್ಲ ಸಾಲನ್ನೂ ಒಂದೇ ತುದಿಯಿಂದ ಶುರು ಮಾಡಿ. ಒಂದು ಸಾಲು ಮೇಲಿಂದ, ಇನ್ನೊಂದು ಕೆಳಗಿಂದ ಹೊಲಿದರೆ ನಡುವೆ ಓರೆ ಸುಕ್ಕು ಏಳುತ್ತೆ.

ಮೆಷಿನ್ ತೋಳಿನ ಒಳಗೆ ಹೋಗುವ ಭಾಗವನ್ನು ಚಾಪೆ ಹಾಗೆ ಸುರುಳಿ ಸುತ್ತಿ. ನಡುವಿನಿಂದ ಶುರು ಮಾಡಿದರೆ ಅರ್ಧ ಕೌದಿಗಿಂತ ಜಾಸ್ತಿ ಅಲ್ಲಿ ತುರುಕಬೇಕಾಗಿಲ್ಲ. ಎಡಗಡೆ ನೇತಾಡುವ ಭಾಗಕ್ಕೆ ಒಂದು ಟೀಪಾಯಿ ಅಥವಾ ಕುರ್ಚಿ ಕೊಡಿ. ಭಾರ ಜಗ್ಗಿದರೆ ಸೂಜಿ ಬಾಗಿ ಕೆಳಗಿನ ಲೋಹದ ತಟ್ಟೆಗೆ ಬಡಿದು ಮುರಿಯುತ್ತೆ. ಬಟ್ಟೆಯನ್ನು ನೀವೂ ಹಿಂದಿನಿಂದ ಎಳೆಯಬೇಡಿ. ಮುರಿದರೆ ಎಲ್ಲ ಚೂರೂ ಸಿಗುವವರೆಗೆ ಹುಡುಕಿ, ಮಾತ್ರೆ ಡಬ್ಬಿಯಲ್ಲಿ ಹಾಕಿ ಮುಚ್ಚಿಡಿ.

ಎದ್ದು ಹೋಗುವಾಗ ಸ್ವಿಚ್ ಆರಿಸಿ

ಮೋಟಾರ್ ಮೆಷಿನ್‌ನವರಿಗೆ ಮಾತ್ರ ಇದು. ಹೊಲಿಯುತ್ತಿರುವಾಗ ಕರೆಂಟ್ ಹೋಯಿತು. ಕತ್ತಲಲ್ಲಿ ಬಟ್ಟೆಯ ಬುಟ್ಟಿಯನ್ನು ಕೆಳಗಿಟ್ಟು, ಮೇಣದಬತ್ತಿ ಹಚ್ಚಿ, ಹೊರಗೆ ಕೂತು ಹರಟಿದೆವು. ಇಪ್ಪತ್ತು ನಿಮಿಷಕ್ಕೆ ಕರೆಂಟ್ ಬಂತು. ಖಾಲಿ ಕೋಣೆಯೊಳಗಿಂದ ಮೆಷಿನ್ ಓಡುವ ಸದ್ದು! ಅತ್ತೆ ನನ್ನ ಮುಖ ನೋಡಿದರು, ನಾನು ಅತ್ತೆಯ ಮುಖ ನೋಡಿದೆ. ಬುಟ್ಟಿ ಇಟ್ಟದ್ದು ಪೆಡಲ್ ಮೇಲೆ. ನಾವು ಓಡಿ ಹೋಗುವಷ್ಟರಲ್ಲಿ ಅದು ಒಂದು ಅಡಿಗಿಂತ ಜಾಸ್ತಿ ದೂರ ತನ್ನಷ್ಟಕ್ಕೆ ಹೊಲಿದು, ಗೆರೆ ಬಿಟ್ಟು ಪಕ್ಕಕ್ಕೆ ತಿರುಗಿತ್ತು. ಎದ್ದರೆ ಸ್ವಿಚ್ ಆರಿಸಿ, ಕರೆಂಟ್ ಇರಲಿ ಇಲ್ಲದಿರಲಿ. ಮಕ್ಕಳು, ಬೆಕ್ಕು ಇರುವ ಮನೆಯಲ್ಲಂತೂ ಕಡ್ಡಾಯ.

ಬಿಚ್ಚುವುದು

ರಾತ್ರಿ ಹತ್ತರ ಮೇಲೆ ಬಿಚ್ಚಬೇಡಿ. ನಿದ್ದೆಗಣ್ಣಲ್ಲಿ ತಪ್ಪು ಸಾಲು ಬಿಟ್ಟು ಸರಿಯಾದ ಸಾಲು ಬಿಚ್ಚಿದ ಅನುಭವದಿಂದ ಹೇಳುತ್ತಿದ್ದೇನೆ. ಬಿಚ್ಚುವ ಸಾಲಿನ ಎರಡೂ ತುದಿಗೆ ಮೊದಲು ಪಿನ್ ಚುಚ್ಚಿ ಗುರುತು ಮಾಡಿ.

ಸೀಮ್ ರಿಪ್ಪರ್ ಅಂತ ಕೇಳಿದರೆ ಹೊಲಿಗೆ ಸಾಮಾನಿನ ಅಂಗಡಿಯಲ್ಲಿ ಕೊಡುತ್ತಾರೆ. ಅದರಿಂದ ಅಡಿಯ ದಾರವನ್ನು ನಾಲ್ಕೈದು ಹೊಲಿಗೆಗೊಮ್ಮೆ ಕತ್ತರಿಸುತ್ತಾ ಹೋಗಿ. ಆಮೇಲೆ ಮೇಲಿನ ದಾರ ಎಳೆದರೆ ಉದ್ದಕ್ಕೆ ಬಿಟ್ಟುಬರುತ್ತೆ. ಬ್ಲೇಡ್ ಬಳಸಿದರೆ ಬಟ್ಟೆ ಹರಿಯುತ್ತೆ. ಹರಿದರೂ ಗಾಬರಿ ಬೇಡ, ಮೇಲೊಂದು ತೇಪೆ ಹಾಕಿ. ಕೌದಿಯಲ್ಲಿ ತೇಪೆ ಯಾವುದು, ಚಿತ್ತಾರ ಯಾವುದು ಅಂತ ಯಾರು ಕೇಳ್ತಾರೆ?

ಅಂಚು ಪಟ್ಟಿ

ಎಲ್ಲ ಸಾಲೂ ಮುಗಿದ ಮೇಲೆ ಟಾಕು ಬಿಚ್ಚಿ, ಜಾಸ್ತಿ ಉಳಿದ ಅಡಿ ಬಟ್ಟೆ, ಒಳಪದರ ಕತ್ತರಿಸಿ. ಇಲ್ಲಿ ಅವಸರ ಮಾಡಿ ಕೌದಿಯ ಮೂಲೆಯನ್ನೇ ಕತ್ತರಿಸಬೇಡಿ.

ಸುತ್ತಳತೆ 300 ಇಂಚು. ಎತ್ತಿಟ್ಟ ತುಂಡಿನಿಂದ ಎರಡೂವರೆ ಇಂಚು ಅಗಲದ, 108 ಇಂಚು ಉದ್ದದ 3 ಪಟ್ಟಿ ತೆಗೆದರೆ ಲೆಕ್ಕಕ್ಕೆ ಸಾಕು. ನಾನು 4 ತೆಗೆಯುತ್ತೇನೆ. ಓರೆಯಾಗಿ ಜೋಡಿಸಿ, ಉದ್ದಕ್ಕೆ ಎರಡು ಮಡಿಕೆ ಮಾಡಿ ಇಸ್ತ್ರಿ ಹಾಕಿ. ಪಟ್ಟಿ ಹಚ್ಚಲು ಒಂದು ಬದಿಯ ನಡುವಿನಿಂದ ಶುರು ಮಾಡಿ, ಮೂಲೆಯಿಂದ ಬೇಡ. ಎರಡು ತುದಿ ಸೇರಿಸುವ ಮೊದಲು ಪಟ್ಟಿ ತಿರುಚಿಲ್ಲ ಅಂತ ಪೂರ್ತಿ ಬೆರಳು ಆಡಿಸಿ ನೋಡಿ. ಒಂದು ಸಲ ತಿರುಚಿದ್ದನ್ನು ನೋಡದೆ ಸೇರಿಸಿದೆ. ಎಂಜಿನಿಯರಿಂಗ್ ಓದುವ ಮಗ ಬಂದು 'ಅಮ್ಮಾ, ಇದು ಮೋಬಿಯಸ್ ಪಟ್ಟಿ, ಇದಕ್ಕೆ ಒಂದೇ ಬದಿ' ಅಂತ ಖುಷಿಯಿಂದ ವಿವರಿಸಿದ. ಬಿಚ್ಚೋಕೆ ಮಾತ್ರ ಕೂರಲಿಲ್ಲ.

ಸಿದ್ದಿ ಕೌದಿಯ ಮೂಲೆಗಳಲ್ಲಿ ಮಡಚಿದ ಬಟ್ಟೆಯ ತುಂಡು ಇರುತ್ತೆ, ಅದನ್ನು ಫುಲಾ ಅಂತಾರೆ. ನಿಮಗೂ ಅಂಥದ್ದು ಬೇಕಿದ್ದರೆ ಪಟ್ಟಿ ಹಚ್ಚುವ ಮೊದಲೇ ನಾಲ್ಕೂ ಮೂಲೆಗೆ ಪಿನ್ ಮಾಡಿ. ಎಣಿಸಿ. ನನ್ನದೊಂದು ಕೌದಿಗೆ ಮೂರೇ ಇವೆ.

ಪಟ್ಟಿಯ ಕೊನೆಯ ಒಂದು ಗೇಣು ಹೊಲಿಯದೆ ಬಿಟ್ಟು, ಇಡೀ ಕೌದಿಯ ಮೇಲೆ ಎರಡೂ ಅಂಗೈ ಒತ್ತಿ ಸವರಿ. ಮರೆತ ಪಿನ್, ಸೂಜಿಯ ಚೂರು ಕೈಗೆ ಸಿಗುತ್ತೆ. ಒಂದು ಅಯಸ್ಕಾಂತ ಆಡಿಸಿದರೆ ಇನ್ನೂ ಒಳ್ಳೆಯದು. ಆದರೆ ಅಯಸ್ಕಾಂತ ಕಬ್ಬಿಣವನ್ನು ಮಾತ್ರ ಹಿಡಿಯುತ್ತೆ. ಹಾಲ್‌ನ ದಿವಾನದ ಮೇಲಿರುವ ಕೌದಿಯ ಎಡ ಮೂಲೆಯಲ್ಲಿ, ಎರಡನೇ ಮತ್ತು ಮೂರನೇ ಸಾಲಿನ ನಡುವೆ, ಮಗನ ಶಾಲೆಯ ಒಂದು ಬಿಳಿ ಕಾಲುಚೀಲ ಇದೆ. ಅವನು ಏಳನೇ ತರಗತಿಯಲ್ಲಿದ್ದಾಗ ಅದನ್ನು ಮನೆಯೆಲ್ಲ ಹುಡುಕಿದ್ದೆವು. ಇನ್ನೊಂದು ಕಾಲುಚೀಲವನ್ನು ನಾನಿನ್ನೂ ಎಸೆದಿಲ್ಲ.